ಕೆಂಪು ಗೆರೆ ದಾಟಿದ ಪೈರು

ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಬೂಟು ಎರಡನ್ನೂ ಬದುವಿನ ಮೇಲೆ ಬಿಟ್ಟು, ಸಬ್ ಇನ್‌ಸ್ಪೆಕ್ಟರ್ ಮೌನೇಶ್ವರಿ ಗದ್ದೆಗೆ ಇಳಿದೇಬಿಟ್ಟಳು.

“ಮೇಡಂ, ಯೂನಿಫಾರಂ!” ಎಂದು ಬದುವಿನ ಮೇಲಿಂದ ಹೆಡ್ ಕಾನ್‌ಸ್ಟೆಬಲ್ ಪಂಪಾಪತಿ ಕೂಗಿದ.

“ತೊಳದ್ರ ಹೋಗ್ತೈತಿ ಬಿಡ್ರಿ. ನೀವು ಮುಂಜಾನಿ ಜೀಪು ತೊಳದಂಗ.”

ಪಂಪಾಪತಿ ಹಲ್ಲು ಕಿರಿದ. ಆ ದಿನ ಅವನು ಒಂದು ತಾಸು ತಡವಾಗಿ ಬಂದಿದ್ದ. ಆದರೆ ಜೀಪನ್ನು ಒಳಗೆ ಹೊರಗೆ ತಿಕ್ಕಿ ತೊಳೆದು, ಹೊಸ ಮದುಮಗನ ಗಾಡಿಯ ಹಾಗೆ ಮಾಡಿಕೊಂಡು ಬಂದಿದ್ದ. ಎರಡು ವರ್ಷದಲ್ಲಿ ಒಮ್ಮೆಯೂ ಕಾಣದ ಚೊಕ್ಕತನ. ಮೌನೇಶ್ವರಿ ಬಾಯಿ ತುಂಬ ಶಭಾಷ್ ಅಂದಿದ್ದಳು.

ದಢೇಸುಗೂರಿನ ಕಾಲುವೆ ಪಕ್ಕದ ಈ ಪ್ರಯೋಗದ ಮಡಿಯಿಂದ ನಲವತ್ತೆರಡು ಭತ್ತದ ಗಿಡಗಳು ಮಾಯವಾಗಿ, ಅವುಗಳ ಜಾಗದಲ್ಲಿ ಮಾಮೂಲಿ ಭತ್ತ ಬಂದು ಕೂತಿದೆಯೆಂದು ಗೊತ್ತಾಗಿ ಮೂರು ದಿನವಾಗಿತ್ತು. ಆ ಮೂರು ದಿನದಲ್ಲಿ ಹತ್ತು ಮಂದಿ ಅಧಿಕಾರಿಗಳು ಬಂದು ಹೋಗಿದ್ದರು. ಫೋಟೋ ತೆಗೆದರು, ಬೇಲಿ ಅಳೆದರು, ಎಳನೀರು ಕುಡಿದರು. ಕೆಸರಿಗೆ ಕಾಲಿಟ್ಟವರು ಮಾತ್ರ ಒಬ್ಬರೂ ಇಲ್ಲ.

ಮೌನೇಶ್ವರಿಗೆ ಕೆಸರು ಹೊಸದಲ್ಲ. ತುರ್ವಿಹಾಳದಲ್ಲಿ ಹದಿನೆಂಟು ಹೆಂಗಸರ ನಾಟಿ ಗುಂಪು ನಡೆಸುವ ಪಕೀರಮ್ಮನ ಮಗಳು ಅವಳು. ಪಿಯುಸಿ ಮುಗಿಯುವ ತನಕ ರಜೆ ಬಂತೆಂದರೆ ಅವ್ವನ ಪಕ್ಕದಲ್ಲಿ ಬಗ್ಗಿ ಸಸಿ ಹಚ್ಚಿದವಳು. ಅದನ್ನು ಅವಳು ಎಂದೂ ಮುಚ್ಚಿಟ್ಟವಳಲ್ಲ, ಕೇಳದವರನ್ನೂ ನಿಲ್ಲಿಸಿ ಹೇಳುವವಳು. ಅಂಥವಳಿಗೆ ಬದುವಿನ ಮೇಲೆ ನಿಂತು ಗದ್ದೆಯ ತನಿಖೆ ಮಾಡುವುದೆಂದರೆ ಮೈ ಉರಿಯುತ್ತಿತ್ತು.

ಮಡಿಯ ನಡುವೆ ಬಿದಿರಿನ ಅಳತೆಗೋಲು ನೆಟ್ಟಿತ್ತು. ಕೋಲಿನ ಮೇಲೊಂದು ಕೆಂಪು ಗೆರೆ. ಸುತ್ತಲಿನ ಪೈರು ಆ ಗೆರೆಯನ್ನು ದಾಟಿ ಮೇಲೆ ಹೋಗಿತ್ತು.

“ಗಟ್ಟಿಗಿತ್ತಿ ಆಗಿದ್ರ ಆ ಗೆರಿ ಮುಟ್ತಿರಲಿಲ್ರಿ,” ಎಂದಳು ಬದುವಿನ ಮೇಲೆ ನಿಂತಿದ್ದ ಸಸ್ಯವಿಜ್ಞಾನಿ ಡಾಕ್ಟರ್ ಜಯಶ್ರೀ.

ಗಟ್ಟಿಗಿತ್ತಿ ಎನ್ನುವುದು ಆ ನಲವತ್ತೆರಡು ಗಿಡಗಳ ಹೆಸರು. ಕಾಗದದಲ್ಲಿ ಅದಕ್ಕೊಂದು ಉದ್ದನೆಯ ನಂಬರು ಇತ್ತು. ಕಳೆ ತೆಗೆಯಲು ಬಂದ ಹೆಂಗಸರು, ಬಿರುಗಾಳಿಗೆ ಸುತ್ತಲಿನ ಭತ್ತವೆಲ್ಲ ಮಕಾಡೆ ಮಲಗಿದರೂ ಇದೊಂದು ಮಾತ್ರ ನೆಟ್ಟಗೆ ನಿಂತದ್ದನ್ನು ನೋಡಿ, “ಗಟ್ಟಿಗಿತ್ತಿ ಐತಿ ನೋಡಬೇ ಇದು” ಅಂದಿದ್ದರು. ನಂಬರು ಅಲ್ಲಿಗೆ ಮುಗಿಯಿತು.

“ನನ್ನಂಥಾಕಿಗೆ ತಿಳಿಯೋ ಹಂಗ ಇನ್ನೊಮ್ಮಿ ಹೇಳ್ರಿ. ಏನು ಮಾಡೀರಿ ಅದಕ್ಕ?” ಎಂದು ಮೌನೇಶ್ವರಿ ಕೇಳಿದಳು.

ಜಯಶ್ರೀಯ ಬಾಡಿದ ಮುಖ ಒಮ್ಮೆಲೆ ಬೆಳಗಿತು. “ಪ್ರತಿ ಗಿಡದ ಒಳಗೂ ಒಂದು ಅಪ್ಪಣಿ ಇರ್ತೈತ್ರಿ, ಏಳು, ಎತ್ತರಕ್ಕ ಏಳು ಅಂತ. ಆ ಅಪ್ಪಣಿ ಬರೆದ ಜೀನ್‌ನಾಗ ನಾ ಒಂದು ಸಣ್ಣ ಚೂರು ಕತ್ತರಿಸೀನಿ. ಹೊರಗಿಂದು ಏನೂ ತಂದು ಸೇರಿಸಿಲ್ಲ. ಎತ್ತರಕ್ಕ ಹೋಗೋ ಕಸುವು ಈಗ ಬುಡಕ್ಕ, ಬೇರಿಗೆ ಇಳಿತೈತಿ. ಅರ್ಧ ನೀರು ಸಾಕು ಅದಕ್ಕ. ಕಾಲುವಿ ನೀರು ಮುಟ್ಟದ ಮಸ್ಕಿ ಕಡಿ ಹೊಲದಾಗೂ ನೆಲ್ಲು ಬರ್ತೈತಿ. ಗುರುಗುಂಟಾದಾಗ ಕುರಿ ಕಾಯೋರ ಮನಿ ಹುಡುಗಿ ಮಾಡಿದ್ದರೀ ಇದು. ಎಂಟು ವರ್ಷ!”

ಹೇಳುವಾಗ ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಕರಿ ಉಣ್ಣೆಯ ದಾರವೊಂದು ಇತ್ತು. ತಂದೆ ತನ್ನ ಕುರಿಯ ಉಣ್ಣೆಯಿಂದ ತಾನೇ ಹೊಸೆದು ಕೊಟ್ಟದ್ದು. ಅದರಲ್ಲಿ ಬೇಲಿಯ ಕೀಲಿಕೈ. ಬೇಲಿಗೆ ಇರುವುದು ಅದೊಂದೇ ಕೀಲಿಕೈ. ಮಲಗುವಾಗಲೂ ಅದನ್ನು ತೆಗೆಯುವುದಿಲ್ಲವೆಂದು ಅವಳು ಮೊದಲ ದಿನವೇ ಬರೆದುಕೊಟ್ಟಿದ್ದಳು.

ಆ ಕೀಲಿಕೈಯೇ ಅವಳಿಗೆ ಮುಳುವಾಗಿತ್ತು. ಬೀಗ ಒಡೆದಿಲ್ಲ, ಬೇಲಿ ಹರಿದಿಲ್ಲ, ಗಿಡ ಹೋಗಿವೆ. ಹಾಗಾದರೆ ಜಯಶ್ರೀಯೇ ಯಾರಿಗೋ ಮಾರಿಕೊಂಡಿದ್ದಾಳೆ ಎಂದು ಮೇಲಿನವರು ಆಗಲೇ ಗುಸುಗುಸು ಶುರುಮಾಡಿದ್ದರು. ಬೇರೆ ಬೀಜವೂ ಇರಲಿಲ್ಲ. ಇದ್ದ ನಲವತ್ತೆರಡು ಕಾಳನ್ನೂ ಬಿತ್ತಿಯಾಗಿತ್ತು. ಮರುದಿನ ಹತ್ತು ಗಂಟೆಗೆ ಪರೀಕ್ಷಾ ಸಮಿತಿ ಬರುವುದಿತ್ತು. ಅಷ್ಟರೊಳಗೆ ಗಿಡ ಸಿಗದಿದ್ದರೆ ಪ್ರಯೋಗ ರದ್ದು, ಎಂಟು ವರ್ಷ ನೀರುಪಾಲು, ಕುರಿ ಕಾಯುವವರ ಮಗಳಿಗೆ ಕಳ್ಳಿ ಎಂಬ ಹೆಸರು.

ಮೌನೇಶ್ವರಿ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಅಳೆದಳು. “ನಾಕು ಬೆರಳು ದಾಟೈತಿ. ಮಾಮೂಲಿ ನೆಲ್ಲು ಈ ದಿನದಾಗ ನಾಕು ಬೆರಳು ಏಳಾಕ ಎಷ್ಟು ದಿನ ಬೇಕ್ರಿ?”

ಜಯಶ್ರೀ ಮುಖ ತಿರುಗಿಸಿ ಕಾಲುವೆಯ ಕಡೆ ನೋಡಿದಳು. ಆಮೇಲೆ ನಿಧಾನವಾಗಿ, “ಹನ್ನೆರಡು ದಿನ,” ಎಂದಳು. “ಲೆಕ್ಕದಾಗ ಸುಳ್ಳು ಹೇಳಾಕ ನನಗ ಬರಂಗಿಲ್ರಿ.”

ಹನ್ನೆರಡು ದಿನದ ಹಿಂದೆ ಸೋಮವಾರ. ಸೋಮವಾರ ಈ ಸೀಮೆಯಲ್ಲಿ ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲ, ಹೊಲದಲ್ಲಿ ನರಪಿಳ್ಳೆ ಇರುವುದಿಲ್ಲ. ಕಾವಲುಗಾರ ಹಸನ್‌ಸಾಬ್ ಕೂಡ ಅಂದು ರಜೆಯ ಮೇಲಿದ್ದ.

“ಹಸನ್‌ಸಾಬಗ ರಜಾ ಕೊಟ್ಟವರು ಯಾರ್ರಿ?”

“ನಾನ,” ಎಂದಳು ಜಯಶ್ರೀ.

ಮೌನೇಶ್ವರಿ ಮತ್ತೆ ಬಗ್ಗಿದಳು. ಗಟ್ಟಿಗಿತ್ತಿಯ ಜಾಗದಲ್ಲಿ ಕೂತ ಸಸಿಗಳು ದಾರ ಹಿಡಿದಷ್ಟು ನೇರವಾಗಿದ್ದವು. ಇದು ಗೋಣಿಚೀಲ ಹಿಡಿದು ಬಂದ ಕಳ್ಳನ ಕೆಲಸವಲ್ಲ, ಹುಟ್ಟಿದಾಗಿನಿಂದ ನಾಟಿ ಹಚ್ಚಿದ ಕೈ. ಅವಳಿಗೆ ಆ ಕಳ್ಳರ ಮೇಲೆ ಒಂದು ಗಳಿಗೆ ಅಭಿಮಾನವೇ ಉಕ್ಕಿತು. ಎಷ್ಟು ಚಂದ ಹಚ್ಚಿದ್ದಾರೆ! ಹಾಗೇ ಸರಿಯುತ್ತ ಈಶಾನ್ಯದ ಮೂಲೆಗೆ ಬಂದಳು. ನಾಟಿ ಶುರುವಾಗುವುದು ಆ ಮೂಲೆಯಿಂದಲೇ. ಮೊದಲ ಸಸಿಯ ಬುಡಕ್ಕೆ ಬೆರಳು ಹಾಕಿದಾಗ ಏನೋ ತಗುಲಿತು.

ಒಂದು ದಾರ. ಸೀರೆಯ ಸೆರಗಿನಿಂದ ಎಳೆದದ್ದು. ಅರಿಶಿನ ಹಚ್ಚಿ, ಬುಡಕ್ಕೆ ಮೂರು ಸುತ್ತು ಸುತ್ತಿ, ಗಂಟು ಹಾಕದೆ ಹಾಗೇ ಸಿಕ್ಕಿಸಿದ್ದು.

ಕೆಲವು ಗುಂಪಿನವರು ಮೊದಲ ಸಸಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಕೆಲವರು ಎಲೆ ಅಡಿಕೆ ಇಡುತ್ತಾರೆ. ಸೆರಗಿನ ದಾರ ಎಳೆದು ಮೂರು ಸುತ್ತು ಸುತ್ತುವವಳು ಈ ಇಡೀ ಕಾಲುವೆ ಸೀಮೆಯಲ್ಲಿ ಒಬ್ಬಳೇ. ಅವಳ ಕೈಯಲ್ಲೇ ಮೌನೇಶ್ವರಿ ಈ ಇಪ್ಪತ್ತೆಂಟು ವರ್ಷ ಉಂಡು ಬೆಳೆದದ್ದು.

ದಾರವನ್ನು ಬಿಚ್ಚಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಅವಳು ಕಾಲುವೆಯಲ್ಲಿ ಕಾಲು ತೊಳೆದು ಬರುವಷ್ಟರಲ್ಲಿ ಜಯಶ್ರೀ ಸ್ಕೂಟಿ ಹತ್ತಿ ಹೋಗಿದ್ದಳು. ಪಂಪಾಪತಿ ನೀರಿನ ಬಾಟಲಿ ಚಾಚಿದ.

“ಎಡಗೈಲೆ ಕೊಡ್ತೀರಲ್ರೀ!”

“ತಪ್ಪಾತ್ರಿ ಮೇಡಂ.” ಅವನು ಬಾಟಲಿಯನ್ನು ಬಲಗೈಗೆ ದಾಟಿಸಿದ. “ಹುಟ್ಟಾ ಎಡಚ ನಾ. ನಮ್ಮವ್ವ ಬಡದು ಬಡದು ಸೋತಳು. ಈಗ ಎಲ್ಲಿಗ್ರಿ? ಮಸ್ಕಿಗೆ ಕರಿಬಸಯ್ಯನ ಅಂಗಡಿಗೇನು?”

ಊರ ಬಾಯಲ್ಲೆಲ್ಲ ಇದ್ದ ಹೆಸರು ಅದು. ಹಿಂದಿನ ದಿನ ಮೌನೇಶ್ವರಿ ಮಸ್ಕಿಗೆ ಹೋಗಿ ಆ ಬೀಜದ ವ್ಯಾಪಾರಿಯನ್ನು ಎದುರು ಕೂರಿಸಿಕೊಂಡಿದ್ದಳು. ಕರಿಬಸಯ್ಯ ವಿಭೂತಿ ಹಚ್ಚಿದ ಹಣೆ ಎತ್ತಿ, “ಮೂರು ತಲಿಯಿಂದ ಬೀಜದ ವ್ಯಾಪಾರ ನಮ್ಮದು. ಕೊಂಡು ಮಾರಾಂವ ನಾ, ಕದ್ದು ಮಾರಾಂವಲ್ಲ,” ಎಂದಿದ್ದ. ಅವನ ಗೋದಾಮನ್ನು ಪಂಪಾಪತಿಯೇ ಒಬ್ಬನೇ ಒಳಹೊಕ್ಕು ಹುಡುಕಿ, ಏನೂ ಇಲ್ಲವೆಂದು ಹೇಳಿದ್ದ.

“ಬ್ಯಾಡ. ಹಸಿವಾಗೈತಿ. ತುರ್ವಿಹಾಳಕ್ಕ ನಡೀರಿ, ನಮ್ಮವ್ವನ ಮನ್ಯಾಗ ಉಂಡು ಹೋಗೂಣು.”

ಜೀಪು ಹೊರಟಿತು. ದಾರಿಯುದ್ದಕ್ಕೂ ಮೌನೇಶ್ವರಿ ಮುಷ್ಟಿ ಬಿಚ್ಚಲಿಲ್ಲ.

ಪಕೀರಮ್ಮ ಆಗಷ್ಟೇ ಹೊಲದಿಂದ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾಟಿಯ ದಿನಗಳಲ್ಲಿ ನಸುಕಿಗೆ ಮನೆ ಬಿಟ್ಟರೆ ಅವಳು ಬುತ್ತಿಯ ಹೊತ್ತಿಗೇ ಬರುವುದು. ಮಗಳನ್ನು ಕಂಡದ್ದೇ ಬೈಗುಳ ಶುರುವಾಯಿತು.

“ಬಾರವ್ವ ದೊಡ್ಡ ಸಾಹೇಬ್ರ! ಮುಂಜಾನಿ ನಿನ್ನ ಜೀಪು ಮನಿ ಮುಂದ ನಿಂತಿತ್ತಂತ, ಮಗ್ಗಲಮನಿ ಕಸ್ತೂರೆಮ್ಮ ಅಂದಳು. ನಾ ಇಲ್ಲಂದ್ರ ಏನಾತು, ಬುಟ್ಟ್ಯಾಗ ರೊಟ್ಟಿ ಇರಲಿಲ್ಲೇನು? ಉಣ್ಣದ ಹೋಗೋದ?”

ಮೌನೇಶ್ವರಿಯ ಕಿವಿಗೆ ಅದು ಬಿತ್ತು, ತಲೆಗೆ ಹೋಗಲಿಲ್ಲ. ಅವಳ ತಲೆಯ ತುಂಬ ದಾರವೇ ಇತ್ತು. ಪಂಪಾಪತಿ ಜೀಪಿನ ಹತ್ತಿರವೇ ಉಳಿದದ್ದನ್ನು ನೋಡಿ, ಅವ್ವನನ್ನು ಒಳಗೆ ಕರೆದು, ಅವಳ ಮುಂದೆ ಅಂಗೈ ಬಿಚ್ಚಿದಳು.

ಪಕೀರಮ್ಮ ದಾರ ನೋಡಿದಳು. ಮಗಳ ಮುಖ ನೋಡಿದಳು. ಹೆದರಲಿಲ್ಲ, ಅಳಲಿಲ್ಲ. ಅವಳ ಮುಖದಲ್ಲಿ ನಗು ಹರಡುತ್ತ ಹೋಯಿತು.

“ಸಿಕ್ತಾ? ಹತ್ತು ಮಂದಿ ಸಾಹೇಬ್ರು ಬಂದು ಹೋದರಂತ. ಒಬ್ಬರೂ ಕೆಸರಿಗೆ ಇಳೀಲಿಲ್ಲಂತ. ನನ್ನ ಮಗಳು ಇಳಿದ್ಲಲ್ಲ! ನಾ ಹೇಳಿದ್ದೆ ಆ ಡಾಕ್ಟರಮ್ಮಗ, ಯಾರಿಗೂ ಸಿಗಂಗಿಲ್ಲ, ಸಿಕ್ಕರ ನಮ್ಮ ಮೌನಿಗೆ ಸಿಗ್ತೈತಿ ಅಂತ.”

“ಯವ್ವಾ, ನಗಬ್ಯಾಡಬೇ!” ಮೌನೇಶ್ವರಿ ಬಾಗಿಲ ಕಡೆ ನೋಡಿದಳು. “ನಿನ್ನ ಕೈಗೆ ಕೋಳ ಹಾಕಬೇಕು ನಾನು. ಕಳವು ಮಾಡೋವಾಗೂ ಯಾರರ ದಾರ ಕಟ್ಟತಾರೇನು?”

“ಕಳವಂತ ಯಾರಂದ್ರು?” ಪಕೀರಮ್ಮ ಸೆಟೆದು ಕೂತಳು. “ಅದು ನಾಟಿ. ದಾರ ಕಟ್ಟಲಾರದ ಮೊದಲ ಸಸಿ ಹೆಂಗ ಹಚ್ಚಲಿ? ನಮ್ಮವ್ವ ಹಚ್ಚಿಲ್ಲ, ಅವರವ್ವ ಹಚ್ಚಿಲ್ಲ. ಸಿಕ್ಕೊಂಡು ಬೀಳ್ತೀನಂತ ಗೊತ್ತಿದ್ರೂ ಕೈ ಕೇಳಬೇಕಲ್ಲ!”

ಮೌನೇಶ್ವರಿ ಅವ್ವನ ಎದುರು ನೆಲದ ಮೇಲೆ ಕೂತಳು. “ಎಲ್ಲಾ ಹೇಳು. ಒಂದೂ ಬಿಡಬ್ಯಾಡ.”

“ಆ ಹುಡುಗಿ ಒಂದಿನ ಅಳಕೋತ ಬಂದ್ಲು. ಗಿಡದ ಮ್ಯಾಲ ಯಾರೋ ಕಣ್ಣು ಹಾಕ್ಯಾರ, ಬೇಲಿ ಸುತ್ತ ಓಡಾಡತಾರ ಅಂದ್ಲು. ಸೋಮವಾರ ಯಾರೂ ಇರಂಗಿಲ್ಲ, ಮಣ್ಣಿನ ಹೆಂಟಿ ಸಮೇತ ಎತ್ತಿ ನನ್ನ ಮನ್ಯಾಗ ಇಟ್ಟಿವಿ. ಅಲ್ಲಿ ನಮ್ಮ ಹೊಲದ ನೆಲ್ಲು ಹಚ್ಚಿ ಬಂದಿವಿ. ಸಮಿತಿಯವರು ಬರೂ ಮುಂಜಾನಿ ತಿರುಗಿ ಇಡಬೇಕಂತ ಮಾತಾಗಿತ್ತು. ಹಾಳಾದ್ದು ನಮ್ಮ ನೆಲ್ಲು ಲಗೂನ ಎದ್ದು ಗೆರಿ ದಾಟಿಬಿಡ್ತು.”

“ಮೂರು ದಿನದಿಂದ ನನಗ ಯಾಕ ಹೇಳಲಿಲ್ಲ ಆಕಿ?”

“ಹೆಂಗ ಹೇಳ್ತಾಳ? ಗಿಡ ಬೇಲಿ ದಾಟಿದ್ರ ಪ್ರಯೋಗ ರದ್ದಂತ. ಉಳಿಸಿದ್ರೂ ಹೋಗ್ತೈತಿ, ಬಿಟ್ರೂ ಹೋಗ್ತೈತಿ. ಅದಲ್ಲದ, ಮೊದಲೊಮ್ಮಿ ನಿನ್ನ ಠಾಣ್ಯಾಗ ಹೇಳಿದ್ಲಂತ. ಅವತ್ತು ನೀ ಇರಲಿಲ್ಲ. ಯಾರೋ ಹವಾಲ್ದಾರ ಬರಕೊಂಡನಂತ. ಮರುದಿನದಿಂದನ ಬೇಲಿ ಸುತ್ತ ಮಂದಿ ಹೆಚ್ಚಾದ್ರು. ಆಮ್ಯಾಲ ಆಕಿಗೆ ಪೊಲೀಸರಂದ್ರ ನಂಬಿಕಿ ಇಲ್ಲ.”

ಠಾಣೆಯ ಪುಸ್ತಕದಲ್ಲಿ ಅಂಥ ದೂರು ಇರಲೇ ಇಲ್ಲ. ಮೌನೇಶ್ವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ಮೊದಲ ದಿನವೇ ಹಾಳೆ ಹಾಳೆ ತಿರುವಿ ನೋಡಿದ್ದಳು.

“ಗಿಡ ಎಲ್ಲಿ ಅದಾವ ಈಗ?”

“ಹಿತ್ತಲದಾಗ, ಬಕೀಟಿನ್ಯಾಗ. ಮೊನ್ನಿ ನೀ ಉಣ್ಣಾಕ ಬಂದಾಗ ನಿನ್ನ ತಾಟಿನಿಂದ ಹತ್ತು ಹೆಜ್ಜಿ ದೂರ ಇದ್ದವು, ಪೊಲೀಸಮ್ಮ!”

ಮೌನೇಶ್ವರಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಇಡೀ ತಾಲ್ಲೂಕು ಜಾಲಾಡಿದ್ದಳು, ಅವ್ವನ ಹಿತ್ತಲೊಂದನ್ನು ಬಿಟ್ಟು. ಓದು ಬರಹ ಬಾರದ ಈ ಹೆಂಗಸು ಎಂಟು ವರ್ಷದ ವಿಜ್ಞಾನವನ್ನು ಹಳೇ ಬಣ್ಣದ ಬಕೀಟಿನಲ್ಲಿಟ್ಟು ಹನ್ನೆರಡು ದಿನ ಕಾಪಾಡಿದ್ದಳು. ಕೇಸು ಏನೇ ಆಗಲಿ, ಆ ಗಳಿಗೆ ಮೌನೇಶ್ವರಿಗೆ ತನ್ನ ಅವ್ವನ ಮೇಲೆ ಹೇಳತೀರದ ಹೆಮ್ಮೆಯಾಯಿತು. ಗಿಡಗಳಂತೂ ಸಿಕ್ಕವು. ನಾಳೆ ಹತ್ತು ಗಂಟೆಗೆ ಸಮಿತಿಯ ಮುಂದೆ ನಿಂತು ಉಳಿದದ್ದನ್ನು ತಾನೇ ಮಾತಾಡುತ್ತೇನೆ ಎಂದುಕೊಂಡಳು.

“ನಡಿ, ತೋರಿಸು.”

ಹಿತ್ತಲಿನ ಗೋಡೆಗೆ ಹಚ್ಚಿ ಬಕೀಟುಗಳ ಸಾಲು ಇತ್ತು. ಮೇಲೆ ಹಳೆಯ ಸೀರೆ ಹೊದಿಸಿತ್ತು. “ನಸುಕಿನ್ಯಾಗ ನೀರು ಹಾಕಿ ಹೋಗೀನಿ. ಬುಡ ನೋಡು, ನನ್ನ ಕಿರುಬೆರಳಿನಷ್ಟು ದಪ್ಪ,” ಎನ್ನುತ್ತ ಪಕೀರಮ್ಮ ಸೀರೆ ಸರಿಸಿದಳು.



ಬಗ್ಗಿ ಒಂದು ಬುಡ ಹಿಡಿದಳು. ಇನ್ನೊಂದು ಹಿಡಿದಳು. ಮೂರನೆಯದನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು.

“ಇವು ಅವಲ್ಲ, ಮೌನಿ.”

“ಏನು?”

“ಇವು ಗಟ್ಟಿಗಿತ್ತಿ ಅಲ್ಲ. ಯಾರದೋ ಹೊಲದ ನೆಲ್ಲು. ನಸುಕಿನ್ಯಾಗ ಅವ ಇದ್ದವು. ನಾ ಮುಟ್ಟಿ ನೋಡೀನಿ.” ಅವಳು ಕೆಸರಿಗೆ ಮುಖ ಹತ್ತಿರ ತಂದಳು. “ಈ ಹೆಬ್ಬೆಟ್ಟಿನ ಗುಣಿ ನೋಡು. ಇನ್ನಾ ನೀರು ಆರಿಲ್ಲ.”

ಸಸಿ ಊರಿ ಹೆಬ್ಬೆರಳಿನಿಂದ ಒತ್ತಿದರೆ ಬುಡದಲ್ಲಿ ಒಂದು ಗುಣಿ ಬೀಳುತ್ತದೆ. ಪಕೀರಮ್ಮ ತನ್ನ ಬಲಗೈಯನ್ನು ಪಕ್ಕದ ಬಕೀಟಿಗೆ ಊರಿ ತೋರಿಸಿದಳು. ಅವಳ ಹೆಬ್ಬೆರಳು ಸಸಿಯ ಎಡಕ್ಕೆ ಬಿತ್ತು. ಸಾಲಿನಲ್ಲಿದ್ದ ನಲವತ್ತೆರಡು ಬಕೀಟಿನಲ್ಲೂ ಗುಣಿ ಬಲಕ್ಕೆ ಬಿದ್ದಿತ್ತು.

“ಎಡಗೈಯವರು,” ಎಂದಳು ಪಕೀರಮ್ಮ.

ಮೌನೇಶ್ವರಿಗೆ ಒಂದೊಂದೇ ನೆನಪಾಯಿತು. ಮುಂಜಾನೆ ಮನೆ ಮುಂದೆ ನಿಂತ ಜೀಪು. ಒಂದು ತಾಸು ತಡ. ಒಳಗೆ ಹೊರಗೆ ತಿಕ್ಕಿ ತೊಳೆದ ಗಾಡಿ. ಶಭಾಷ್ ಅಂದಿದ್ದಳಲ್ಲ, ತಾನೇ! ಮೊನ್ನೆ ತಾನು ಉಣ್ಣುತ್ತಿದ್ದಾಗ ಕೈ ತೊಳೆಯುತ್ತೇನೆಂದು ಹಿತ್ತಲಿಗೆ ಹೋಗಿ ಬಂದದ್ದೂ ಅವನೇ.

“ಸಿಕ್ಕಾವೇನ್ರಿ ಮೇಡಂ, ಗಿಡ?”

ಹಿತ್ತಲ ಬಾಗಿಲಲ್ಲಿ ಪಂಪಾಪತಿ ನಿಂತಿದ್ದ. ಎಡಗೈಯಲ್ಲಿ ನೀರಿನ ಚೊಂಬು. ಊಟಕ್ಕೆಂದು ಬಂದ ಮನೆಯಲ್ಲಿ ಗಿಡ ಇವೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಪಕೀರಮ್ಮ ಆ ಕೈ ನೋಡಿದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕರಿಮಣ್ಣು ಇತ್ತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

“ಊಟ ಆಮ್ಯಾಲ ಆಗ್ಲಿ. ಜೀಪು ತಗೀರಿ,” ಎಂದಳು ಮೌನೇಶ್ವರಿ, ಏನೂ ಆಗದವಳ ಹಾಗೆ.

ಅವಳು ಮುಂದೆ ಕೂತಳು. ಕರೆಯದಿದ್ದರೂ ಪಕೀರಮ್ಮ ಸೀರೆ ಎತ್ತಿ ಕಟ್ಟಿ ಹಿಂದಿನ ಸೀಟಿಗೆ ಹತ್ತಿದಳು. “ನಾನೂ ಬರ್ತೀನಿ. ನನ್ನ ಗಿಡ ನನಗ ಕಣ್ಣು ಮುಚ್ಚಿದ್ರೂ ಗುರ್ತು ಸಿಗ್ತಾವ.”

“ಎಲ್ಲಿಗ್ರಿ ಮೇಡಂ? ಮಸ್ಕಿಗೇನು?”

“ಮುಂಜಾನಿ ಇಲ್ಲಿಂದ ಈ ಜೀಪು ಎಲ್ಲಿಗೆ ಹೋಗಿತ್ತೋ, ಅಲ್ಲಿಗೆ.”

ಕೀಲಿ ತಿರುಗಿಸಲು ಹೋದ ಕೈ ಹಾಗೇ ನಿಂತಿತು. ಪಂಪಾಪತಿ ಕೀಲಿಯಿಂದ ಕೈ ತೆಗೆದ. ಓಡಿಹೋಗುತ್ತಾನೆಂದು ಮೌನೇಶ್ವರಿ ಅವನ ರಟ್ಟೆ ಹಿಡಿದಳು. ಅವನು ಓಡಲಿಲ್ಲ.

“ಸುಳ್ಳು ಹೇಳಂಗಿಲ್ರಿ ಇನ್ನ. ಒಯ್ದಾಂವ ನಾನ. ಕರಿಬಸಯ್ಯಗ ಕೊಡಾಕಂತ ತಿಳಿದೀರಿ ನೀವು. ಒಯ್ಯಾಕ ಹೇಳಿದವರು ಕರಿಬಸಯ್ಯ ಅಲ್ರಿ.”

“ಮತ್ತ ಯಾರು?”

ಅವನು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದು, ಒಳಗಿದ್ದುದನ್ನು ಅವಳ ಮಡಿಲಿಗಿಟ್ಟ. “ನೀವು ಕಾಲು ತೊಳಿಯಾಕ ಹೋದಾಗ ಅವರ ಕೊಟ್ಟರು, ರಾತ್ರಿ ಗಿಡ ತಿರುಗಿ ಬೇಲಿಯೊಳಗ ಇಡು ಅಂತ.”

ಬೇಲಿಯ ಕೀಲಿಕೈ. ಕರಿ ಉಣ್ಣೆಯ ದಾರದಲ್ಲಿ ಪೋಣಿಸಿದ್ದು. ದಾರ ಹರಿದಿರಲಿಲ್ಲ, ಕತ್ತರಿಸಿಯೂ ಇರಲಿಲ್ಲ. ಯಾರೋ ನಿಧಾನವಾಗಿ ಗಂಟು ಬಿಚ್ಚಿ, ಮತ್ತೆ ಅಚ್ಚುಕಟ್ಟಾಗಿ ಕಟ್ಟಿದ್ದರು.

ಹಿಂದಿನ ಸೀಟಿನಿಂದ ಪಕೀರಮ್ಮ ಬಗ್ಗಿ ನೋಡಿದಳು. “ಇದು ಆ ಹುಡುಗಿ ಕೊಳ್ಳಾಗಿಂದಲ್ಲೇನಬೇ?” ಎಂದು ಮಗಳನ್ನು ಕೇಳಿದಳು.